ಫುಟ್‌ಬಾಲ್ ಸಮತೋಲನದ ಹಲಗೆ: ಇಲ್ಲದ ಓಲಾಟ ಬಂದದ್ದು ಎಲ್ಲಿಂದ?

ನಾಲ್ಕು ಮೂಲೆಗೂ ಒಂದೊಂದು ಲೋಡ್ ಸೆಲ್ (ಭಾರ ಅಳೆಯುವ ಸಂವೇದಕ) ಇಟ್ಟು ಆಟಗಾರರ ಸಮತೋಲನ ಅಳೆಯುವ ಹಲಗೆ ಅಂತೂ ಸರಿಯಾಗಿ ಓದುತ್ತಿದೆ. ಮೊದಲು 20 ಕೆಜಿಯ ಮೂರು ಜಿಮ್ ಪ್ಲೇಟ್ ಹೇರಿದಾಗ ಒತ್ತಡದ ಕೇಂದ್ರ (ಒಟ್ಟು ಭಾರ ಬೀಳುವ ಬಿಂದು) ಕದಲದೆ ನಿಲ್ಲುತ್ತಿತ್ತು. ಗೋಲ್‌ಕೀಪರ್ ಒಂಟಿ ಕಾಲಲ್ಲಿ ಜಿಗಿದಿಳಿದರೆ ಮಾತ್ರ ಗೆರೆ ಪಕ್ಕಕ್ಕೆ ಚಿಮ್ಮುತ್ತಿತ್ತು. ರಬ್ಬರ್ ಸುತ್ತಿಗೆಯಿಂದ ನಟ್ಟನಡುವೆ ಬಡಿದರೂ ಅದೇ ಕಥೆ. ಅಲ್ಲಿಗೆ ದೋಷ ಆಟಗಾರನದಲ್ಲ ಎಂದಾಯಿತು.

ಸೆಲ್‌ಗಳ ಸಂಕೇತವನ್ನು ಅಂಕಿಗೆ ತಿರುಗಿಸುವ ನಾಲ್ಕು ಎಚ್‌ಎಕ್ಸ್711 ಬೋರ್ಡುಗಳೂ ತಂತಮ್ಮ ಒಳಗಿನ ಕ್ಲಾಕ್ (ಓದಿನ ತಾಳ ಹಿಡಿಯುವ ಮಿಡಿತ) ನಂಬಿ ಓಡುತ್ತವೆ. ಸೆಕೆಂಡಿಗೆ 80 ಸ್ಯಾಂಪಲ್ ಇದ್ದರೂ ಒಂದು ಮೂಲೆ ಇನ್ನೊಂದಕ್ಕಿಂತ 12.5 ಮಿಲಿಸೆಕೆಂಡ್‌ವರೆಗೆ ಹಿಂದೆ ಬೀಳಬಹುದು. ಅಲುಗದ ತೂಕಕ್ಕೆ ಇದರಿಂದ ಏನೂ ಆಗದು. ಕಾಲೂರುವಾಗ 50 ಮಿಲಿಸೆಕೆಂಡಿನಲ್ಲಿ 1000 ನ್ಯೂಟನ್ ಏರಿತೆನ್ನಿ: ತಡವಾದ ಬಲಬದಿ 500ರ ಬದಲು 375 ತೋರಿಸುತ್ತದೆ. ಸೆಲ್‌ಗಳ ನಡುವೆ 40 ಸೆಂ.ಮೀ. ಇದ್ದರೆ ಕೇಂದ್ರ ಎಡಕ್ಕೆ ಸುಮಾರು 3 ಸೆಂ.ಮೀ. ಸರಿದಂತೆ ಕಾಣುತ್ತದೆ. ಪಾದದ ಅಗಲವೇ 10 ಸೆಂ.ಮೀ. ಆಸುಪಾಸು, ಇಷ್ಟು ತಪ್ಪಿದರೆ ಅಳೆದೇನು ಫಲ?

ಪರಿಹಾರ ಬೆಸುಗೆಯಲ್ಲಿದೆ. ಎಚ್‌ಎಕ್ಸ್711 ಚಿಪ್ಪಿನ 15ನೇ ಪಿನ್ (ಓದಿನ ವೇಗ ಆರಿಸುವುದು) ಎತ್ತಿ ಪಕ್ಕದ 16ಕ್ಕೆ (ವಿದ್ಯುತ್ ಪೂರೈಕೆ) ಸೇರಿಸಿ. ("80 ಸ್ಯಾಂಪಲ್" ಎಂದು ಮಾರುವ ಹಲವು ಬೋರ್ಡುಗಳಲ್ಲೂ ಈ ಪಿನ್ ಗ್ರೌಂಡಿಗೇ ಅಂಟಿರುತ್ತದೆ, ಅಂದರೆ ಬರೀ 10. ಮಾರುವವರು ಒಮ್ಮೆ ಮೀಟರ್ ಹಿಡಿದು ನೋಡಬಾರದೇ!) ಹೊರಗಿನ ಕ್ಲಾಕ್ ಪಡೆಯುವ 14ನೆಯದನ್ನೂ ಎತ್ತಿ, ನಾಲ್ಕಕ್ಕೂ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರಿನಿಂದ ಒಂದೇ 10 ಮೆಗಾಹರ್ಟ್ಸ್ ಕ್ಲಾಕ್ ಕೊಡಿ. ಆಗ ಸೆಕೆಂಡಿಗೆ 72 ಸ್ಯಾಂಪಲ್, ಆದರೆ ಒಟ್ಟಿಗೆ. ಚಿಪ್ಪನ್ನು ಮಲಗಿಸಿ ಎಬ್ಬಿಸುವ, ಓದು ಹೊರತೆಗೆಯುವ ಪಿಡಿ-ಎಸ್‌ಸಿಕೆ ತಂತಿಯೂ ನಾಲ್ಕಕ್ಕೂ ಒಂದೇ ಇರಲಿ. ಶುರುವಿನಲ್ಲಿ ಅದನ್ನು 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲಿಟ್ಟು ಇಳಿಸಿದರೆ ನಾಲ್ಕೂ ಜೊತೆಯಾಗಿ ಹೊರಡುತ್ತವೆ. ಮೊದಲ ನಾಲ್ಕು ಓದು ಬಿಸಾಡಿ. ಕ್ಲಾಕ್ ತಂತಿ 10 ಸೆಂ.ಮೀ. ಮೀರದಂತೆ ಬೋರ್ಡುಗಳನ್ನು ಹಲಗೆಯ ನಡುವೆ ಜೋಡಿಸಿ, ಸೆಲ್‌ಗಳ ಶೀಲ್ಡ್ ತಂತಿಯನ್ನೇ ಉದ್ದ ಬಿಡಿ. ಬಚ್ಚಲಮನೆ ತೂಕದ ಯಂತ್ರದ 50 ಕೆಜಿ ಸೆಲ್ ಬೇಡ, ಒಂದೊಂದೂ 200 ಕೆಜಿಯದಿರಲಿ: ಇಳಿಯುವ ಹೊಡೆತ ಒಂದೇ ಮೂಲೆಗೂ ಬೀಳಬಹುದು.

ಇಷ್ಟು ಹಟ ಏಕೆಂದರೆ, ಎರಡು ಕಾಲಲ್ಲಿ ಸುಮ್ಮನೆ ನಿಲ್ಲಿಸಿದರೆ ಆಟದ ಬೇರೆ ಬೇರೆ ಸ್ಥಾನಗಳವರ ಸಮತೋಲನದ ಗುಟ್ಟು ಹೊರಬೀಳದು. ಕೀಪರ್‌ಗೆ ಪಕ್ಕಕ್ಕೆ ಹಾರಿ ಇಳಿಯುವುದು, ಸೆಂಟರ್‌ಬ್ಯಾಕ್‌ಗೆ ಹೆಡರ್ ಹೊಡೆದು ಇಳಿಯುವುದು, ವಿಂಗರ್‌ಗೆ ಓಡುತ್ತಲೇ ಊರುಗಾಲು ನೆಟ್ಟು ಕ್ರಾಸ್ ಕೊಡುವುದು, ಮಿಡ್‌ಫೀಲ್ಡರ್‌ಗೆ ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ತಿರುಗುವುದು. ಹಾಗಾಗಿ ಪರೀಕ್ಷೆ ಇದು: 20 ಸೆಂ.ಮೀ. ಮೆಟ್ಟಿಲಿನಿಂದ ಬರಿಗಾಲಲ್ಲಿ, ಒಂಟಿ ಕಾಲಿನ ಮೇಲೆ ಇಳಿದು 5 ಸೆಕೆಂಡ್ ನಿಲ್ಲುವುದು, ಪ್ರತಿ ಕಾಲಿಗೆ ಮೂರು ಸಲ. ಒದೆಯುವ ಕಾಲು ಯಾವುದು, ಊರುವುದು ಯಾವುದು, ಎತ್ತರ ಎಷ್ಟು, ತಪ್ಪದೆ ಬರೆದಿಡಿ. ಕೀಪರ್, ಸೆಂಟರ್‌ಬ್ಯಾಕ್ ಸಾಮಾನ್ಯವಾಗಿ ಎತ್ತರದವರು. ಎತ್ತರದ ಲೆಕ್ಕ ಬಿಟ್ಟರೆ ಸ್ಥಾನದ ವ್ಯತ್ಯಾಸವೆಂದು ಕಂಡದ್ದು ಬರೀ ಮೈಕಟ್ಟಿನದಾಗಿರಬಹುದು.

ಮುಂದಿನದು ವೈ-ಬ್ಯಾಲೆನ್ಸ್ ಚೌಕಟ್ಟು (ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಮೂರು ದಿಕ್ಕಿಗೆ ಚಾಚುವ ಪರೀಕ್ಷೆಗೆ): ಪಿವಿಸಿ ಪೈಪಿನ ಮೂರು ತೋಳು, ಮುಂದಿನದಕ್ಕೂ ಹಿಂದಿನ ಎರಡಕ್ಕೂ 135 ಡಿಗ್ರಿ, ಹಿಂದಿನವೆರಡರ ನಡುವೆ 90. ಅದಕ್ಕೆ ಮೊದಲು ಕೀಪರ್‌ಗಳ ಹಳೆಯ ದಾಖಲೆ ಅಷ್ಟನ್ನೂ ಅಳಿಸಿ ಮತ್ತೆ ಅಳೆಯಬೇಕು.