ಮೇ ತಿಂಗಳಲ್ಲಿ ಕಾರಲ್ಲಿ ಘಟ್ಟ ಇಳಿಯುವವರಿಗೆ

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಮಂಗಳೂರು, ಉಡುಪಿಯ ಸೆಕೆ ತಾಳಲಾರದೆ ಮನೆಮಂದಿಯೆಲ್ಲ ಕಾರು ಹತ್ತಿ ಘಟ್ಟದ ಮೇಲೆ ಹೋಗುತ್ತಾರೆ. ಹೊರಡುವ ಮೊದಲು ಕೂಲೆಂಟ್, ಎಸಿ, ಎಂಜಿನ್ ಆಯಿಲ್ ನೋಡಿಸುತ್ತಾರೆ. ಅವೆಲ್ಲ ಹತ್ತುವುದಕ್ಕೆ ಬೇಕಾದವು. ಹತ್ತುವಾಗ ಏನಾದರೂ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಕೆಟ್ಟರೆ ನಿಲ್ಲುವುದೇ ಇಲ್ಲ.

ಒಂದು ಲೆಕ್ಕ ನೋಡಿ. ಐದು ಜನ, ಬ್ಯಾಗುಗಳು ಸೇರಿ ಕಾರಿನ ತೂಕ 1400 ಕಿಲೋ ಅಂತಿಟ್ಟುಕೊಳ್ಳಿ. ಅದು 500 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗಾಳಿ, ಟೈರು, ಎಂಜಿನ್ ಹಂಚಿಕೊಳ್ಳದಿದ್ದರೆ ಅದೆಲ್ಲ ಬ್ರೇಕಿಗೇ ಬೀಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗಾದರೂ ಕುದಿಯಬಾರದು. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಗಾಳಿಯ ತೇವ ಹೀರುವುದು ಅದರ ಗುಣ, ನಮ್ಮ ಕರಾವಳಿಯಲ್ಲಿ ತೇವಕ್ಕೇನು ಕಡಿಮೆ? ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟಿ, ಪೆಡಲ್ ಸ್ಪಂಜು ಒತ್ತಿದ ಹಾಗೆ ಕೆಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು. ಟಾಪ್‌ಅಪ್ ಮಾಡಿದರೆ ಸಾಲದು. ಬ್ರೇಕ್ ಪ್ಯಾಡ್ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹೊರಡುವ ಮೊದಲೇ ಹೊಸತು ಹಾಕಿಸಿ.

ಇಳಿಯುವ ಹಳೆಯ ನಿಯಮ ಇವತ್ತಿಗೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಚಾರ್ಮಾಡಿಯಲ್ಲಾಗಲಿ, ಆಗುಂಬೆಯ 14 ತಿರುವುಗಳಲ್ಲಾಗಲಿ ಹೆಚ್ಚಿನ ಕಡೆ ಅದು ಎರಡನೇ ಗೇರು. ಎಂಜಿನ್ ಗುಂಯ್ ಅಂತ ಕೂಗಿದರೆ ಹೆದರಬೇಡಿ, ಕಾರನ್ನು ಹಿಡಿದಿರುವುದೇ ಅದು. ಬ್ರೇಕನ್ನು ತಿರುವಿನ ಮೊದಲು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಉದ್ದಕ್ಕೂ ಮೆತ್ತಗೆ ಕಾಲಿಟ್ಟುಕೊಂಡೇ ಬಂದರೆ ಬ್ರೇಕಿನ ಡಿಸ್ಕಿಗೆ ತಣಿಯಲು ಪುರುಸೊತ್ತೇ ಸಿಗುವುದಿಲ್ಲ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸವಂತೂ ದಯವಿಟ್ಟು ಬೇಡ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್‌ಗಳು ಇಂಧನವನ್ನೇ ಕಡಿದುಬಿಡುತ್ತವೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಕುಡಿಯುತ್ತಲೇ ಇರುತ್ತವೆ.

ಆಟೋಮ್ಯಾಟಿಕ್ ಇದ್ದವರು 'ಡಿ'ಯಲ್ಲೇ ಬಿಡದೆ 'ಎಲ್', '2' ಅಥವಾ ಮ್ಯಾನುವಲ್ ಮೋಡಿಗೆ ಹಾಕಿ. ಎಲೆಕ್ಟ್ರಿಕ್ ಕಾರಿನವರು ಘಟ್ಟದ ಮೇಲೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬಾರದು. ಬ್ಯಾಟರಿ ತುಂಬಿದ್ದರೆ ರೀಜನ್ (ಮೋಟಾರೇ ಕಾರಿನ ವೇಗ ತಗ್ಗಿಸಿ ಬ್ಯಾಟರಿ ತುಂಬುವ ವ್ಯವಸ್ಥೆ) ಕೆಲಸ ಮಾಡಲು ಜಾಗವಿರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ.

ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ. ಹಿಂದಿನ ಚಕ್ರ ಬಿಸಿಯಾಗಿರುವಾಗ ಹ್ಯಾಂಡ್‌ಬ್ರೇಕ್ ಬಿಗಿಯದೆ, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಕಾಯಿರಿ. ನೀರು ಮಾತ್ರ ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಓಡುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ ಪಟಪಟನೆ ಹಲವು ಸಲ ಒತ್ತಿ, ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ಕಣಿವೆಯತ್ತ ಹೋಗಬಿಡದೆ ಗುಡ್ಡದ ಬದಿಯ ಚರಂಡಿಗೆ ಕಾರನ್ನು ಉಜ್ಜಿ ನಿಲ್ಲಿಸಿ.

ಇಕ್ಕಟ್ಟಿನ ಜಾಗದಲ್ಲಿ ಹತ್ತುವವರಿಗೇ ಮೊದಲ ದಾರಿ. ಇದು ಕಾನೂನು ಕೂಡ. ಬಸ್ಸಿಗೆ ಹೇರ್‌ಪಿನ್ ತಿರುಗಲು ಇಡೀ ರಸ್ತೆ ಬೇಕು, ಆದ್ದರಿಂದ ತಿರುವಿನೊಳಗೆ ನುಗ್ಗದೆ ಮೇಲೆಯೇ ಕಾಯಿರಿ.

ಸಮಯದ ವಿಷಯ. ಮೇ ತಿಂಗಳಲ್ಲಿ ಘಟ್ಟದಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಧೂಳು, ಆಯಿಲ್, ತರಗೆಲೆಯ ಮೇಲೆ ಮೊದಲ ಹನಿಗಳು ಬಿದ್ದಾಗ ಆಗುವ ಜಾರಿಕೆ ಸುರಿಮಳೆಯಲ್ಲೂ ಇರುವುದಿಲ್ಲ. ಚಾರ್ಮಾಡಿಯಾದರೆ ಮಧ್ಯಾಹ್ನ ಎರಡರೊಳಗೆ ಘಟ್ಟದ ಮೇಲಿನ ಕೊಟ್ಟಿಗೆಹಾರ ದಾಟಿ ಇಳಿಯುವ ಹಾಗೆ ಹೊರಡಿ.

ಮಕ್ಕಳ ವಾಂತಿಗೆ ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಕೊಡಿ; ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತದೆ. ಗೋಳಿಬಜೆ, ಬನ್ಸ್ ಕೆಳಗಿಳಿದ ಮೇಲಾಗಲಿ, ಅಲ್ಲಿವರೆಗೆ ಎರಡು ಇಡ್ಲಿ ಸಾಕು. ಮೊಬೈಲ್ ಕೈಗೆ ಕೊಡದೆ ದೂರದ ಗುಡ್ಡ ನೋಡಲು ಹೇಳಿ. ಮಂಗಗಳಿಗೆ ಬಿಸ್ಕೆಟ್ ಎಸೆಯಬಾರದೆಂದೂ ಹೇಳಿ. ಆ ಆಸೆಗೇ ಅವು ರಸ್ತೆಗಿಳಿದು ಚಕ್ರದಡಿ ಸಾಯುತ್ತವೆ.

ಆಗುಂಬೆ ಘಟ್ಟದ ಬುಡದ ಸೋಮೇಶ್ವರಕ್ಕೋ ಚಾರ್ಮಾಡಿ ಘಟ್ಟದ ಬುಡದ ಚಾರ್ಮಾಡಿ ಊರಿಗೋ ಬಂದು ಮುಟ್ಟಿದ ಮೇಲೆ ಇಳಿದು, ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡರ ಬಿಸಿ ಒಂದೇ ಸಮ ಇರಬೇಕು. ಒಂದು ಮಾತ್ರ ಕೆಂಡದಂತಿದ್ದರೆ ಅದರ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಅಂಟಿಕೊಂಡಿರಬಹುದು. ಮರುದಿನವೇ ಗ್ಯಾರೇಜಿಗೆ ಒಯ್ಯಿರಿ.