ಸೂಪರಿಂಟೆಂಡೆಂಟ್ ಅಂದರೆ ನಮ್ಮ ಡಿಡಿಪಿಐ ತಾನೇ?

ಅಮೆರಿಕದ ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸಿರುವ ಕನ್ನಡದ ತಂದೆತಾಯಿಯರು, ಇಲ್ಲಿ ಬಿ.ಎಡ್. ಮುಗಿಸಿ ಅಲ್ಲಿ ಪಾಠ ಮಾಡುತ್ತಿರುವ ಶಿಕ್ಷಕಿಯರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸ್ಕೂಲ್ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಅಂದರೆ ನಮ್ಮ ಡಿಡಿಪಿಐ ಇದ್ದ ಹಾಗೆ ತಾನೇ? ಆ ಹುದ್ದೆಗೆ ಹೋಗುವುದು ಹೇಗೆ?"

ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಊರಿನ ಅಥವಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ, ಸೂಪರಿಂಟೆಂಡೆಂಟ್ ಅದರ ಮುಖ್ಯ ಆಡಳಿತಾಧಿಕಾರಿ. ಇಬ್ಬರೂ ಹತ್ತಾರು ಶಾಲೆಗಳ ಮೇಲಿನವರು ಎಂಬುದಷ್ಟೇ ಹೋಲಿಕೆ. ನಮ್ಮ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ರಾಜ್ಯ ಸರ್ಕಾರದ ನೌಕರರು. ಬೆಂಗಳೂರಿನಿಂದ ಆದೇಶ ಬಂದರೆ ಮಂಡ್ಯ ಬಿಟ್ಟು ಬೀದರಿಗೆ ಹೋಗಬೇಕಾಗಬಹುದು, ಆದರೆ ನೌಕರಿ ಉಳಿದಿರುತ್ತದೆ. ಎಷ್ಟು ಶಿಕ್ಷಕರು ಬೇಕು, ಸಂಬಳ ಎಷ್ಟು, ಪಠ್ಯಪುಸ್ತಕ ಯಾವುದು ಎಂಬುದೆಲ್ಲ ರಾಜ್ಯಮಟ್ಟದಲ್ಲಿ ತೀರ್ಮಾನವಾಗಿ ಅವರ ಮೇಜಿಗೆ ಬರುತ್ತದೆ. ಸೂಪರಿಂಟೆಂಡೆಂಟಿಗೆ ವರ್ಗಾವಣೆ ಎಂಬುದೇ ಇಲ್ಲ. ಅವರನ್ನು ನೇಮಿಸುವುದು, ಸಂಬಳ ಗೊತ್ತು ಮಾಡುವುದು, ಬೇಡವಾದರೆ ಮನೆಗೆ ಕಳಿಸುವುದು ಎಲ್ಲವೂ ಊರಿನವರು ವೋಟು ಹಾಕಿ ಗೆಲ್ಲಿಸಿದ ಶಾಲಾ ಮಂಡಳಿಯ ಕೆಲಸ. ಕ್ಯಾಲಿಫೋರ್ನಿಯಾದ ಹೆಚ್ಚಿನ ಮಂಡಳಿಗಳಲ್ಲಿ 5 ಸದಸ್ಯರು. ಆ ಐವರಲ್ಲಿ ಮೂವರ ವಿಶ್ವಾಸ ಇರುವವರೆಗೆ ಹುದ್ದೆ. ಉಳಿದ ಎಲ್ಲ ವಿವರಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ದೇಶದಲ್ಲಿ ಸುಮಾರು 13,000 ಡಿಸ್ಟ್ರಿಕ್ಟುಗಳಿವೆ, ಹಾಗಾಗಿ ಅಪವಾದಗಳೂ ಇವೆ. ಫ್ಲಾರಿಡಾ ಮತ್ತು ಅಲಬಾಮಾದ ಹಲವು ಕೌಂಟಿಗಳಲ್ಲಿ ಸೂಪರಿಂಟೆಂಡೆಂಟರನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ನ್ಯೂಯಾರ್ಕ್ ನಗರದಲ್ಲಿ 2002ರಿಂದ ಮೇಯರ್ ನೇಮಿಸುವ ಚಾನ್ಸಲರ್ ಇದ್ದಾರೆ. ಹವಾಯಿ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್. ಮುಂದೆ ಹೇಳುವುದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಲೆಕ್ಕ. ಬೇರೆ ರಾಜ್ಯದ್ದಾದರೆ ಹೆಸರು ಹೇಳಿದ್ದೇನೆ.

ದಾರಿ ಶುರುವಾಗುವುದು ತರಗತಿಯಿಂದ. ಕ್ಯಾಲಿಫೋರ್ನಿಯಾದಲ್ಲಿ ಆಡಳಿತದ ಪರವಾನಗಿಗೆ 5 ವರ್ಷದ ಶಾಲಾ ಅನುಭವ ಬೇಕು. ಮೊದಲು ಸಿಗುವುದು ಆರಂಭಿಕ (ಪ್ರಿಲಿಮಿನರಿ) ಪರವಾನಗಿ. ಹುದ್ದೆಗೆ ಸೇರಿ 2 ವರ್ಷದ ಮಾರ್ಗದರ್ಶನ ಮುಗಿಸಿದ ಮೇಲೆ ಪೂರ್ಣ ಪರವಾನಗಿ. ಕರ್ನಾಟಕದ ಬಿ.ಎಡ್. ಇದ್ದವರು ಎಲ್ಲಕ್ಕಿಂತ ಮೊದಲು ತಮ್ಮ ಅಂಕಪಟ್ಟಿಗಳನ್ನು ರಾಜ್ಯದ ಶಿಕ್ಷಕ ಪರವಾನಗಿ ಆಯೋಗ ಒಪ್ಪಿದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅದಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಆಮೇಲೆ ವೈಸ್ ಪ್ರಿನ್ಸಿಪಾಲ್, ಪ್ರಿನ್ಸಿಪಾಲ್, ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಡೈರೆಕ್ಟರ್, ಅಸಿಸ್ಟೆಂಟ್ ಸೂಪರಿಂಟೆಂಡೆಂಟ್. ಡಾಕ್ಟರೇಟ್ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಆದರೆ ದೊಡ್ಡ ಡಿಸ್ಟ್ರಿಕ್ಟುಗಳ ಅರ್ಜಿಗಳಲ್ಲಿ ಬಹಳ ಮಂದಿಗೆ ಇರುತ್ತದೆ. ಸೂಪರಿಂಟೆಂಡೆಂಟಿಗೆ ಬೇಕಾದ ಪರವಾನಗಿಯನ್ನೇ ಮಂಡಳಿ ಬೇಡವೆಂದು ಬಿಡಬಹುದು. ಅದರಿಂದಲೇ 2000ದಲ್ಲಿ ಕೊಲರಾಡೋದ ಮಾಜಿ ಗವರ್ನರ್ ರಾಯ್ ರೋಮರ್ ಲಾಸ್ ಏಂಜಲೀಸಿನ ಶಾಲೆಗಳ ಮುಖ್ಯಸ್ಥರಾಗಲು ಸಾಧ್ಯವಾಯಿತು.

ಈ ಏಣಿಯಲ್ಲಿ ಒಂದು ಅನ್ಯಾಯ ಹಳೆಯ ಕಾಲದಿಂದ ಇದೆ. ಬಫಲೋ ಮತ್ತು ಲೂಯಿವಿಲ್ ನಗರಗಳಲ್ಲಿ 1837ರಲ್ಲಿ ಈ ಹುದ್ದೆ ಹುಟ್ಟಿತು. ದೊಡ್ಡ ನಗರವೊಂದರಲ್ಲಿ ಮೊದಲ ಮಹಿಳೆಯಾಗಿ ಎಲಾ ಫ್ಲ್ಯಾಗ್ ಯಂಗ್ ಷಿಕಾಗೋದ ಸೂಪರಿಂಟೆಂಡೆಂಟ್ ಆದದ್ದು 1909ರಲ್ಲಿ. ಅವರು 1862ರಿಂದಲೇ ಅಲ್ಲಿ ಶಿಕ್ಷಕಿಯಾಗಿದ್ದವರು. ಇಂದಿಗೂ ಅಮೆರಿಕದ ಶಿಕ್ಷಕರಲ್ಲಿ ಮುಕ್ಕಾಲು ಪಾಲು ಮಹಿಳೆಯರು, ಸೂಪರಿಂಟೆಂಡೆಂಟರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಒಂದು ಕಾರಣ ಎದುರಿಗೇ ಇದೆ: ಮಂಡಳಿಗಳ ಕಣ್ಣು ಹೈಸ್ಕೂಲ್ ಪ್ರಿನ್ಸಿಪಾಲರ ಮೇಲೆ ಬೀಳುತ್ತದೆ, ಮಹಿಳಾ ಪ್ರಿನ್ಸಿಪಾಲರು ಹೆಚ್ಚಾಗಿ ಇರುವುದು ಎಲಿಮೆಂಟರಿ ಶಾಲೆಗಳಲ್ಲಿ. ಹಾಗಾಗಿ ಈ ದಾರಿಯಲ್ಲಿ ಹೊರಟ ಶಿಕ್ಷಕಿಯರಿಗೆ ಹೇಳುವ ಮಾತು: ಪಠ್ಯಕ್ರಮದ ವಿಭಾಗದಲ್ಲೇ ಉಳಿಯಬೇಡಿ. ಒಂದು ಪೂರ್ತಿ ವರ್ಷದ ಬಜೆಟ್ ತಯಾರಿಯಲ್ಲಿ ಕೂತುಕೊಳ್ಳಿ, ಶಿಕ್ಷಕರ ಯೂನಿಯನ್ ಜೊತೆಗಿನ ಮಾತುಕತೆಯ ಮೇಜಿನಲ್ಲಿ ಕೂತುಕೊಳ್ಳಿ. ಮೊದಲ ಸಲ ಸೂಪರಿಂಟೆಂಡೆಂಟ್ ಆದವರು ಎಡವುವುದು ಪಾಠದಲ್ಲಿ ಅಲ್ಲ, ಈ ಎರಡರಲ್ಲಿ.

ಆಯ್ಕೆಗೆ ಮಂಡಳಿ ಸಾಮಾನ್ಯವಾಗಿ ಹೊರಗಿನ ಸಲಹಾ ಸಂಸ್ಥೆಯೊಂದನ್ನು ಹಿಡಿಯುತ್ತದೆ. ಚಳಿಗಾಲದಲ್ಲಿ ಜಾಹೀರಾತು, ವಸಂತದಲ್ಲಿ ಸಂದರ್ಶನ, ಜುಲೈ 1ಕ್ಕೆ ಕೆಲಸ ಶುರು. ಅರ್ಜಿ ಹಾಕಿದ್ದು ಈಗಿರುವ ಊರಿಗೆ ಗೊತ್ತಾದರೆ ಅಲ್ಲಿನ ವಿಶ್ವಾಸ ಹೋಗುತ್ತದೆಂದು ಹೆಸರುಗಳನ್ನು ಗುಟ್ಟಾಗಿಡುತ್ತಾರೆ. ಟೆಕ್ಸಾಸ್ ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ: ಅಂತಿಮ ಅಭ್ಯರ್ಥಿಯ ಹೆಸರನ್ನು ಮತದಾನಕ್ಕೆ 21 ದಿನ ಮೊದಲು ಪ್ರಕಟಿಸಲೇಬೇಕು. ಬಹಳ ಮಂಡಳಿಗಳು ಒಂದೇ ಹೆಸರು ಪ್ರಕಟಿಸುತ್ತವೆ. ಊರಿನವರಿಗೆ ಆಯ್ಕೆಯೇ ಕಾಣದ ಈ ಪದ್ಧತಿ ಸರಿಯೆಂದು ನನಗೆ ಅನಿಸುವುದಿಲ್ಲ.

ಒಪ್ಪಂದದ ಅವಧಿ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚೆಂದರೆ 4 ವರ್ಷ, ಟೆಕ್ಸಾಸಿನಲ್ಲಿ 5. ಮುಂದುವರಿಸುವುದಿಲ್ಲ ಎಂದಾದರೆ ಕ್ಯಾಲಿಫೋರ್ನಿಯಾದ ಮಂಡಳಿ ಅವಧಿ ಮುಗಿಯುವ 45 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಮರೆತರೆ ಅದೇ ಅವಧಿಗೆ ಮರುನೇಮಕವಾದಂತೆ. ನವೆಂಬರಿನ ಚುನಾವಣೆಯಲ್ಲಿ ಮಂಡಳಿಯ ಬಹುಮತ ಬದಲಾಗಿ, ಹೊಸಬರು ಮೊದಲ ಸಭೆಯಲ್ಲೇ ಕಾರಣ ಕೊಡದೆ ಸೂಪರಿಂಟೆಂಡೆಂಟರನ್ನು ತೆಗೆದ ಪ್ರಕರಣಗಳು ನಡೆದ ಮೇಲೆ 2023ರಲ್ಲಿ ರಾಜ್ಯ ಕಾನೂನು ತಂದಿತು: ಚುನಾವಣೆಯ ನಂತರ ಮಂಡಳಿ ಮೊದಲು ಸೇರಿ 30 ದಿನ ಕಳೆಯುವ ತನಕ ಕಾರಣವಿಲ್ಲದೆ ತೆಗೆಯುವಂತಿಲ್ಲ, ವಿಶೇಷ ಅಥವಾ ತುರ್ತು ಸಭೆ ಕರೆದು ತೆಗೆಯುವಂತೆಯೂ ಇಲ್ಲ. ಅವಧಿಗೆ ಮೊದಲೇ ಕಾರಣವಿಲ್ಲದೆ ತೆಗೆದರೆ ಕೊಡಬಹುದಾದ ಪರಿಹಾರ ಹೆಚ್ಚೆಂದರೆ 12 ತಿಂಗಳ ಸಂಬಳ.

ಸಂಬಳಕ್ಕೆ ಮಿತಿ ಹಾಕಿದರೆ ಏನಾಗುತ್ತದೆ ಎಂಬುದನ್ನು ನ್ಯೂಜೆರ್ಸಿ ತೋರಿಸಿತು. 2011ರಲ್ಲಿ ಹೆಚ್ಚಿನ ಡಿಸ್ಟ್ರಿಕ್ಟುಗಳಿಗೆ 1,75,000 ಡಾಲರಿನ ಮಿತಿ ಬಂತು. ಅನುಭವಸ್ಥರು ಪಕ್ಕದ ನ್ಯೂಯಾರ್ಕಿಗೂ ಪೆನ್ಸಿಲ್ವೇನಿಯಾಕ್ಕೂ ಹೊರಟರು. 2019ರಲ್ಲಿ ಮಿತಿ ತೆಗೆದರು.

ಇನ್ನು ದುಡ್ಡು. ಇದನ್ನು ಅರ್ಥ ಮಾಡಿಕೊಳ್ಳದೆ ಈ ಹುದ್ದೆ ಅರ್ಥವಾಗುವುದಿಲ್ಲ. ಕ್ಯಾಲಿಫೋರ್ನಿಯಾ ದುಡ್ಡು ಕೊಡುವುದು ದಾಖಲಾತಿಗಲ್ಲ, ದಿನದ ಸರಾಸರಿ ಹಾಜರಾತಿಗೆ. 10,000 ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಹಾಜರಾತಿ 96%ರಿಂದ 93%ಕ್ಕೆ ಇಳಿದರೆ 300 ಮಕ್ಕಳ ದುಡ್ಡು ಹೋಯಿತು. ಆದರೆ ಆ 300 ಒಂದೇ ತರಗತಿಯಲ್ಲಿ ಇಲ್ಲದ ಕಾರಣ ಒಬ್ಬ ಶಿಕ್ಷಕರೂ, ಒಂದು ಬಸ್ಸೂ ಕಡಿಮೆಯಾಗುವುದಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬಂದು ಸಂಕ್ರಾಂತಿ ಮುಗಿಸಿ ಹೋಗುವ ನಮ್ಮವರು ಇದನ್ನು ತಿಳಿದಿರಬೇಕು. ಹೊರಡುವ ಮೊದಲೇ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಪಾಠಗಳನ್ನು ಮಗು ಮುಗಿಸಿ ಒಪ್ಪಿಸಿದರೆ ಆ ದಿನಗಳು ಹಾಜರಾತಿಗೆ ಸೇರುತ್ತವೆ. ಬಹಳ ಡಿಸ್ಟ್ರಿಕ್ಟುಗಳಲ್ಲಿ ಈ ಅನುಕೂಲ ಇದೆ, ಶಾಲೆಯ ಕಚೇರಿಯಲ್ಲಿ ಕೇಳಿ.

ಮಕ್ಕಳ ಸಂಖ್ಯೆ ಇಳಿಯುವ ಊರುಗಳಿಗೆ ರಾಜ್ಯ ಸ್ವಲ್ಪ ಉಸಿರು ಕೊಟ್ಟಿದೆ. ಈ ವರ್ಷದ ಹಾಜರಾತಿ, ಹೋದ ವರ್ಷದ್ದು, ಹಿಂದಿನ 3 ವರ್ಷದ ಸರಾಸರಿ ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ದುಡ್ಡು. ಇದರಲ್ಲೇ ಅಪಾಯವೂ ಇದೆ. ಇಳಿಕೆಯ ಪೆಟ್ಟು ತಡವಾಗಿ ಬೀಳುತ್ತದೆ, ಅಷ್ಟರಲ್ಲಿ ಹಳೆಯ ಸೂಪರಿಂಟೆಂಡೆಂಟ್ ಹೋಗಿ ಹೊಸಬರು ಬಂದಿರುತ್ತಾರೆ. ಶಾಲೆ ಮುಚ್ಚುವ ಮಾತು ಎತ್ತಿದವರು ಊರಿನ ಕಣ್ಣಿಗೆ ಕೆಟ್ಟವರಾಗುತ್ತಾರೆ.

ಅದಕ್ಕಿಂತ ಕಠಿಣವಾದದ್ದು ಮಾರ್ಚ್ ತಿಂಗಳು. ಮುಂದಿನ ವರ್ಷ ಕೆಲಸವಿಲ್ಲ ಎಂದು ಹೇಳಬೇಕಾದ ಶಿಕ್ಷಕರಿಗೆ ಮೊದಲ ನೋಟಿಸು ಮಾರ್ಚ್ 15ರೊಳಗೆ, ಅಂತಿಮ ನೋಟಿಸು ಮೇ 15ರೊಳಗೆ ಹೋಗಬೇಕು. ಜನವರಿಯಲ್ಲಿ ಗವರ್ನರ್ ಮಂಡಿಸಿದ ಬಜೆಟ್ಟಿನ ಪರಿಷ್ಕೃತ ರೂಪ ಬರುವುದು ಮೇ ಮಧ್ಯದಲ್ಲಿ, ಶಾಸನಸಭೆ ಒಪ್ಪುವುದು ಜೂನ್ ಮಧ್ಯದಲ್ಲಿ. ಡಿಸ್ಟ್ರಿಕ್ಟ್ ತನ್ನ ಬಜೆಟ್ಟನ್ನು ಜುಲೈ 1ಕ್ಕೆ ಮೊದಲು ಮಂಜೂರು ಮಾಡಬೇಕು. ಅಂದರೆ ದುಡ್ಡು ಎಷ್ಟು ಬರುತ್ತದೆಂದು ತಿಳಿಯುವ ಮೊದಲೇ ಯಾರನ್ನು ಬಿಡಬೇಕೆಂದು ಹೇಳಬೇಕು. ಹೆದರಿ ಹೆಚ್ಚು ನೋಟಿಸು ಕೊಟ್ಟರೆ ಒಳ್ಳೆಯ ಯುವ ಶಿಕ್ಷಕರು ಬೇರೆ ಊರು ನೋಡಿಕೊಳ್ಳುತ್ತಾರೆ. ಕಡಿಮೆ ಕೊಟ್ಟರೆ ವರ್ಷವಿಡೀ ಸಂಬಳ ಕೊಡಲೇಬೇಕು. 1,001ರಿಂದ 30,000 ಮಕ್ಕಳಿರುವ ಡಿಸ್ಟ್ರಿಕ್ಟ್ ಖರ್ಚಿನ 3% ಮೀಸಲು ಇಟ್ಟಿರಬೇಕು ಎಂಬ ನಿಯಮವಿದೆ. ಖರ್ಚಿನಲ್ಲಿ ಬಹುಪಾಲು ಸಂಬಳ ಮತ್ತು ಸವಲತ್ತುಗಳೇ ಆಗಿರುವುದರಿಂದ ಈ 3% ಎರಡು ವಾರದ ಸಂಬಳಕ್ಕೂ ಸಾಲದು.

ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೊಂದು ಬಗೆ. ದೊಡ್ಡ ನಗರಗಳನ್ನು ಬಿಟ್ಟರೆ ಶಾಲಾ ಬಜೆಟ್ಟಿಗೆ ಮೇ ತಿಂಗಳ ಮೂರನೇ ಮಂಗಳವಾರ ಜನರೇ ವೋಟು ಹಾಕುತ್ತಾರೆ. ತೆರಿಗೆ ಏರಿಕೆ ರಾಜ್ಯದ ಮಿತಿ ಮೀರಿದರೆ 60% ಒಪ್ಪಿಗೆ ಬೇಕು. ಎರಡು ಸಲ ಸೋತರೆ ತೆರಿಗೆಯನ್ನು ಒಂದು ಡಾಲರೂ ಏರಿಸುವಂತಿಲ್ಲ.

ದಿನನಿತ್ಯದ ಕೆಲಸದಲ್ಲಿ ಹೊಸಬರು ತಪ್ಪುವ ಇನ್ನೊಂದು ಜಾಗ ಮಂಡಳಿಯ ಜೊತೆಗಿನ ಮಾತು. ಸ್ಥಳೀಯ ಮಂಡಳಿಗಳ ಸಭೆ ಬಹಿರಂಗವಾಗಿ ನಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ ಕಾನೂನಾದ ಬ್ರೌನ್ ಆಕ್ಟ್ ಪ್ರಕಾರ ಸದಸ್ಯರ ಬಹುಮತ ಸಭೆಯ ಹೊರಗೆ ಡಿಸ್ಟ್ರಿಕ್ಟಿನ ವಿಷಯ ಚರ್ಚಿಸುವಂತಿಲ್ಲ. ಸೂಪರಿಂಟೆಂಡೆಂಟ್ ಒಬ್ಬೊಬ್ಬರ ಜೊತೆ ಬೇರೆಬೇರೆ ಮಾತಾಡಬಹುದು. ಆದರೆ ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. "ಅವರು ಒಪ್ಪಿದ್ದಾರೆ, ನೀವೂ ಒಪ್ಪಿ" ಎಂದರೆ ಕಾನೂನು ಮುರಿದ ಹಾಗೆಯೇ. ಅನುಭವಸ್ಥರು ಅದಕ್ಕೇ ಪ್ರತಿ ಶುಕ್ರವಾರ ಐವರಿಗೂ ಒಂದೇ ಪತ್ರ ಬರೆಯುತ್ತಾರೆ. ಒಬ್ಬ ಸದಸ್ಯರು ಕೇಳಿದ ಪ್ರಶ್ನೆಯ ಉತ್ತರ ಐವರಿಗೂ ಹೋಗುತ್ತದೆ. ಕೆಲವರಿಗೆ ಮೊದಲೇ ಗೊತ್ತಿತ್ತು, ಉಳಿದವರಿಗೆ ಪತ್ರಿಕೆಯಿಂದ ತಿಳಿಯಿತು ಎಂಬ ಸ್ಥಿತಿ ಎರಡು ಸಲ ಬಂದರೆ ಬಹುಮತ ಕರಗಲು ಶುರುವಾಗುತ್ತದೆ.

ತಂದೆತಾಯಿಯರು ದೂರು ಹಿಡಿದು ನೇರವಾಗಿ ಸೂಪರಿಂಟೆಂಡೆಂಟಿಗೆ ಬರೆದರೆ ಅದು ಸಾಮಾನ್ಯವಾಗಿ ಪ್ರಿನ್ಸಿಪಾಲರಿಗೇ ವಾಪಸು ಹೋಗುತ್ತದೆ. ಮೊದಲು ಶಿಕ್ಷಕರು, ಆಮೇಲೆ ಪ್ರಿನ್ಸಿಪಾಲ್, ಆಮೇಲೆ ಡಿಸ್ಟ್ರಿಕ್ಟ್ ಕಚೇರಿ. ನೀತಿಯೇ ತಪ್ಪಾಗಿದ್ದರೆ ಮಂಡಳಿಯ ಸಭೆಗೆ ಹೋಗಿ. ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಿರುತ್ತದೆ, ಸಾರ್ವಜನಿಕರಿಗೆ ಮಾತಾಡಲು ಸಾಮಾನ್ಯವಾಗಿ 2ರಿಂದ 3 ನಿಮಿಷ ಸಿಗುತ್ತದೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಎತ್ತಿದರೆ ಮಂಡಳಿ ಅದನ್ನು ಚರ್ಚಿಸಿ ತೀರ್ಮಾನಿಸುವಂತಿಲ್ಲ. ಆ ಮೌನವನ್ನು ಅವಮಾನವೆಂದು ಎಣಿಸಬೇಡಿ, ಮುಂದಿನ ಸಭೆಯ ಪಟ್ಟಿಗೆ ಸೇರಿಸಿ ಎಂದು ಕೇಳಿ.

ಈ ಹುದ್ದೆಯ ಕನಸಿರುವ ಶಿಕ್ಷಕರೂ ಅಲ್ಲಿಂದಲೇ ಶುರು ಮಾಡಬಹುದು. ತಮ್ಮ ಡಿಸ್ಟ್ರಿಕ್ಟಿನ ಮಧ್ಯಂತರ ಹಣಕಾಸು ವರದಿ ಡಿಸೆಂಬರ್ 15ರೊಳಗೆ ಒಮ್ಮೆ, ಮಾರ್ಚ್ 17ರೊಳಗೆ ಇನ್ನೊಮ್ಮೆ ಮಂಡಳಿಯ ಮುಂದೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮುಂದಿನ ಎರಡು ವರ್ಷದ ಅಂದಾಜಿನ ಕಾಲಂ ಓದಿ. ಮೂರು ತಿಂಗಳಲ್ಲಿ ಯಾವ ಅಂಕಿ ಬದಲಾಗಿದೆ, ಏಕೆ ಬದಲಾಗಿದೆ ಎಂದು ಹಣಕಾಸು ವಿಭಾಗದವರನ್ನು ಕೇಳಿ.