ಹವೆಯೇ ಇಷ್ಟು ಹಿತವಾಗಿರುವಾಗ ಗಾಜಿನ ಕೋಣೆ ಏಕೆ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಗೆ ಮೊದಲ ಸಲ ಬಂದವರು ಹಿತ್ತಿಲ ಕಡೆಯ ಗಾಜಿನ ಕೋಣೆಯಲ್ಲಿ ಕುಳಿತು ಕಾಫಿ ಮುಗಿಸುವುದರೊಳಗೆ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ಇಲ್ಲಿ ಹಿಮ ಬೀಳುವುದಿಲ್ಲ, ಸೆಕೆಯೂ ಅಷ್ಟಿಲ್ಲ. ವರ್ಷವಿಡೀ ಹೊರಗೇ ಕೂರಬಹುದಾದ ಊರಿನಲ್ಲಿ ಇಷ್ಟು ಹಣ ಸುರಿದು ಇದನ್ನೇಕೆ ಕಟ್ಟಿಸಿದಿರಿ?" ನ್ಯಾಯವಾದ ಪ್ರಶ್ನೆ. 2019ರಲ್ಲಿ ಕಟ್ಟಿಸಿದಂದಿನಿಂದ ಇದಕ್ಕೆ ತುಂಡು ತುಂಡಾಗಿ ಉತ್ತರಿಸುತ್ತ ಬಂದಿದ್ದೇನೆ. ಈಗ ಒಮ್ಮೆ ಪೂರ್ತಿಯಾಗಿ ಬರೆಯುತ್ತೇನೆ.

ಇಂಥ ಕೋಣೆಗೆ ಇಲ್ಲಿನವರು ತ್ರೀ ಸೀಸನ್ ಸನ್‌ರೂಮ್ ಎನ್ನುತ್ತಾರೆ. ಮನೆಗೆ ಅಂಟಿಕೊಂಡೇ ಇರುತ್ತದೆ, ಗೋಡೆಯ ಬಹುಭಾಗ ಗಾಜು, ಆದರೆ ಒಳಗೆ ಹೀಟರ್ ಇಲ್ಲ, ಏಸಿ ಇಲ್ಲ, ಗೋಡೆಗಳಲ್ಲಿ ಶಾಖ ತಡೆಯುವ ಪದರವೂ ಇಲ್ಲ. ಇವೆಲ್ಲ ಇದ್ದರೆ ಅದು ಫೋರ್ ಸೀಸನ್ ಕೋಣೆ, ಅಂದರೆ ಮನೆಯದೇ ಇನ್ನೊಂದು ಕೋಣೆ. ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಮೂರು ಋತು ಎಂಬುದು ಮಿನೆಸೋಟಾದಂಥ ರಾಜ್ಯಗಳಿಗೆ ಹೊಂದುವ ಲೆಕ್ಕ: ಚಳಿಗಾಲದಲ್ಲಿ ಬಾಗಿಲು ಹಾಕಿ, ಉಳಿದ ಮೂರು ಕಾಲ ಕೂರುವುದು. ನಮ್ಮ ಊರಿರುವ ಸಾಂತಾ ಕ್ಲಾರಾ ಕಣಿವೆಯಲ್ಲಿ ಅದೇ ಲೆಕ್ಕ ಹಿಡಿದು ಹೊರಟವರು ತಪ್ಪು ಕೋಣೆ ಕಟ್ಟುತ್ತಾರೆ. ಇಲ್ಲಿ ನಮ್ಮ ಕೈತಪ್ಪುವ ಋತು ಚಳಿಗಾಲವಲ್ಲ, ಬೇಸಿಗೆಯ ಕೊನೆ. ಮೊದಲೇ ಇದನ್ನು ಯಾರಾದರೂ ಹೇಳಿದ್ದರೆ ನಮ್ಮ ಎರಡು ಬೇಸಿಗೆ ಉಳಿಯುತ್ತಿದ್ದವು.

ಹೊರಗೇ ಕೂರಬಹುದಲ್ಲ ಎಂಬ ಮಾತನ್ನು ನಾನೂ ನಂಬಿದ್ದೆ. ಆದರೆ 2018ರಲ್ಲಿ, ಕಟ್ಟಿಸುವುದೋ ಬೇಡವೋ ಎಂದು ತೂಗುತ್ತಿದ್ದಾಗ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾವು ಹಿತ್ತಿಲಿನಲ್ಲಿ ಕುಳಿತ ಹೊತ್ತನ್ನು ಗುರುತು ಹಾಕುತ್ತ ಹೋದೆ. ವರ್ಷ ಮುಗಿದಾಗ ಕಂಡದ್ದು ಇಷ್ಟು: ಹೊರಗೆ ಕೂರಲಾಗದ ತಿಂಗಳು ಯಾವುದೂ ಇರಲಿಲ್ಲ, ಆದರೆ ಕೂರಲು ನಮಗೆ ಬಿಡುವಿದ್ದ ಗಂಟೆಗಳಲ್ಲೇ ಹವೆ ಕೈಕೊಡುತ್ತಿತ್ತು. ಜನವರಿಯ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಚೆನ್ನಾಗಿಯೇ ಇರುತ್ತದೆ, ಆದರೆ ಗಾಳಿಯ ಉಷ್ಣತೆ ಒಂಬತ್ತೋ ಹತ್ತೋ ಡಿಗ್ರಿ. ಜುಲೈ ಮಧ್ಯಾಹ್ನ 28 ಡಿಗ್ರಿ ಇದ್ದದ್ದು ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆಯಿಂದ ಗಾಳಿ ಬೀಸತೊಡಗಿದರೆ ಸರಸರನೆ ಇಳಿದು, ಊಟ ಮುಗಿಸಿ ಹೊರಬರುವ ವೇಳೆಗೆ ಶಾಲು ಹೊದೆಯುವಂತಾಗುತ್ತದೆ. ವರ್ಷದ ಹದಿನೈದು ಇಂಚು ಮಳೆ ಹೆಚ್ಚುಕಡಿಮೆ ಪೂರ್ತಿಯಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ಬೀಳುತ್ತದೆ. ಹಿತವಾದ ಹವೆ ಎಂದು ನಾವು ಹೊಗಳುವುದು ದಿನದ ಸರಾಸರಿಯನ್ನು. ನಾವು ಕೂರುವುದು ಬೆಳಗಿನ ಅಥವಾ ಸಂಜೆಯ ಒಂದು ಗಂಟೆಯಲ್ಲಿ. ಬರೀ ಗಾಜೊಂದು ಗಾಳಿಯನ್ನು ತಡೆದರೆ ಆ ಗಂಟೆ ನಮ್ಮದಾಗುತ್ತದೆ. ಕಳೆದ ಜನವರಿಯ ಒಂದು ಬೆಳಿಗ್ಗೆ ಹೊರಗೆ 9 ಡಿಗ್ರಿ ಇದ್ದಾಗ ನಮ್ಮ ಕೋಣೆಯ ಥರ್ಮಾಮೀಟರ್ 21 ತೋರಿಸುತ್ತಿತ್ತು, ಒಂದು ಪೈಸೆಯ ವಿದ್ಯುತ್ತಿಲ್ಲದೆ.

ಇನ್ನು ಬಿಸಿಲಿನ ವಿಷಯ. ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಾಗಿದ್ದರೂ ಪ್ರಯೋಜನವಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಊರು ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ 29 ಡಿಗ್ರಿ ಮಾತ್ರ ಮೇಲಿರುತ್ತಾನೆ. ಜೂನ್ 21ಕ್ಕೆ 76 ಡಿಗ್ರಿ, ಅಂದರೆ ಬಹುತೇಕ ನೆತ್ತಿಯ ಮೇಲೆ. ದಕ್ಷಿಣದ ಗಾಜಿನ ಮೇಲೆ ಎರಡು ಅಡಿಯ ಚಾಚು ಸೂರು ಇದ್ದರೆ ಜೂನ್ ನಡುಹಗಲಿನಲ್ಲಿ ಅದರ ನೆರಳು ಎಂಟು ಅಡಿ ಕೆಳಗಿಳಿದು ಗಾಜನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರಿನಲ್ಲಿ ಅದೇ ಸೂರಿನ ನೆರಳು ಒಂದು ಅಡಿಗೆ ನಿಂತು, ಬಿಸಿಲು ಕೋಣೆಯ ಹಿಂಗೋಡೆಯವರೆಗೂ ಹರಿಯುತ್ತದೆ. ಇಷ್ಟು ಓದಿ ನಾನೂ ನಿಶ್ಚಿಂತನಾಗಿದ್ದೆ. ತೊಡಕು ಸೆಪ್ಟೆಂಬರಿನಲ್ಲಿದೆ. ಆ ತಿಂಗಳ ಮೂರನೆಯ ವಾರಕ್ಕೆ ಸೂರ್ಯ 53 ಡಿಗ್ರಿಗೆ ಇಳಿದಿರುತ್ತಾನೆ, ಸೂರಿನ ನೆರಳು ಎರಡೂವರೆ ಅಡಿಯನ್ನೂ ಹೆಚ್ಚು ದಾಟುವುದಿಲ್ಲ. ಆದರೆ ಈ ಕೊಲ್ಲಿ ಪ್ರದೇಶದಲ್ಲಿ ಉರಿಬಿಸಿಲಿನ ದಿನಗಳು ಅನೇಕ ಸಲ ಬರುವುದು ಆಗಲೇ. 2022ರ ಸೆಪ್ಟೆಂಬರಿನ ಮೊದಲ ವಾರದ ಬಿಸಿಗಾಳಿಯನ್ನು ಇಲ್ಲಿ ಯಾರೂ ಮರೆತಿರಲಾರರು. ಆ ಇಡೀ ವಾರ ನಾವು ಗಾಜಿನ ಕೋಣೆಯ ಬಾಗಿಲನ್ನೇ ತೆಗೆಯಲಿಲ್ಲ.

ಪಶ್ಚಿಮದ ಗೋಡೆಯಲ್ಲಿ ನಾವು ಮಾಡಿದ್ದು ಸ್ಪಷ್ಟವಾಗಿ ತಪ್ಪು. ಸೂರ್ಯಾಸ್ತ ಕಾಣುತ್ತದೆ ಎಂದು ಗುತ್ತಿಗೆದಾರರು ಅಲ್ಲಿಯೂ ನೆಲದಿಂದ ಸೂರಿನವರೆಗೆ ಗಾಜು ಸೂಚಿಸಿದರು, ನಾವು ಒಪ್ಪಿದೆವು. ಇಳಿಹೊತ್ತಿನ ಬಿಸಿಲು ಅಡ್ಡಡ್ಡ ಬರುವುದರಿಂದ ಅದಕ್ಕೆ ಯಾವ ಚಾಚು ಸೂರೂ ಲೆಕ್ಕಕ್ಕಿಲ್ಲ. ಮೊದಲ ಜುಲೈನಲ್ಲಿ ಒಂದು ಮಧ್ಯಾಹ್ನ ನಾಲ್ಕೂವರೆಗೆ ಹೊರಗೆ 31 ಡಿಗ್ರಿ ಇದ್ದಾಗ, ಮುಚ್ಚಿದ ಕೋಣೆಯೊಳಗೆ 41 ಇತ್ತು. ಒಳಗಡೆ ಪರದೆ ಹಾಕಿಸಿದೆವು, ಕಣ್ಣಿಗೆ ತಂಪಾಯಿತೇ ಹೊರತು ಕೋಣೆಗಲ್ಲ. ಗಾಜನ್ನು ದಾಟಿ ಬಂದ ಬೆಳಕು ಪರದೆಗೆ ಬಡಿದು ಶಾಖವಾಗುವಾಗ ಆ ಶಾಖ ಆಗಲೇ ಒಳಗೆ ಸೇರಿಬಿಟ್ಟಿರುತ್ತದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಕೊನೆಗೆ ಹೊರಗಡೆ ನೆರಳುಬಟ್ಟೆಯನ್ನು ಇಳಿಬಿಟ್ಟು, ಅದರಾಚೆ ಒಂದು ಚಪ್ಪರ ಹಾಕಿ ದ್ರಾಕ್ಷಿ ಬಳ್ಳಿ ಹಬ್ಬಿಸಿದೆವು. ಮೂರನೆಯ ವರ್ಷಕ್ಕೆ ಬಳ್ಳಿ ತುಂಬಿತು. ಬೇಸಿಗೆಯಲ್ಲಿ ಎಲೆ, ಚಳಿಗಾಲದಲ್ಲಿ ಬೋಳು: ನಮಗೆ ಬೇಕಾದ ಹೊತ್ತಿಗೆ ನೆರಳು, ಬೇಕಾದ ಹೊತ್ತಿಗೆ ಬಿಸಿಲು.

ಚಾವಣಿಗೆ ಮಾತ್ರ ಗಾಜು ಬೇಡ ಎಂದು ಪಟ್ಟು ಹಿಡಿದದ್ದು ಒಳ್ಳೆಯದಾಯಿತು. ಜೂನಿನ ಸೂರ್ಯ ನೆತ್ತಿಯ ಮೇಲಿರುವಾಗ ಗಾಜಿನ ಚಾವಣಿಯಷ್ಟು ಶಾಖ ಎಳೆದುಕೊಳ್ಳುವುದು ಬೇರೊಂದಿಲ್ಲ. ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ನೊರೆಪದರವಿರುವ ಹಲಗೆಗಳನ್ನು ಹಾಕಿಸಿ, ಎತ್ತರದ ಕಡೆ ತೆರೆಯಬಲ್ಲ ಎರಡು ಸಣ್ಣ ಕಿಟಕಿಗಳನ್ನು ಇಟ್ಟೆವು. ಕೆಳಗಿನ ಕಿಟಕಿಯನ್ನೂ ಮೇಲಿನದನ್ನೂ ಒಟ್ಟಿಗೆ ತೆರೆದರೆ ಬಿಸಿಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ. ನಮ್ಮೂರ ಅಡುಗೆಮನೆಗಳ ಬೆಳಕಿಂಡಿ ಮಾಡುತ್ತಿದ್ದ ಕೆಲಸವೇ ಇದು.

ಮನೆಗೂ ಈ ಕೋಣೆಗೂ ನಡುವೆ ಇರುವ ಹಳೆಯ ಜಾರುಬಾಗಿಲನ್ನು ತೆಗೆಸಿಬಿಡಿ, ಮನೆ ದೊಡ್ಡದಾಗಿ ಕಾಣುತ್ತದೆ ಎಂದು ಹಲವರು ಹೇಳುತ್ತಾರೆ. ದಯವಿಟ್ಟು ತೆಗೆಸಬೇಡಿ. ಆ ಬಾಗಿಲಿದ್ದರೆ ಚಳಿಗಾಲದ ಹನ್ನೊಂದು ಗಂಟೆಗೆ ಅದನ್ನು ತೆರೆದು ಬಿಸಿಲಿನ ಶಾಖವನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಬಹುದು, ನಾಲ್ಕಕ್ಕೆ ಮುಚ್ಚಬಹುದು. ಇಲ್ಲದಿದ್ದರೆ ರಾತ್ರಿಯಿಡೀ ಮನೆಯ ಹೀಟರ್ ಆ ಗಾಜನ್ನು ಕಾಯಿಸುತ್ತ ಕೂರುತ್ತದೆ. ಕಾನೂನಿನ ದೃಷ್ಟಿಯಿಂದಲೂ ಬಾಗಿಲನ್ನು ಕಿತ್ತುಹಾಕಿದೊಡನೆ ಕೋಣೆ ಮನೆಯ ಭಾಗವಾಗಿ, ಟೈಟಲ್ 24 ಎಂಬ ರಾಜ್ಯದ ಇಂಧನ ನಿಯಮಗಳು ಅದಕ್ಕೂ ಅನ್ವಯವಾಗುತ್ತವೆ. ನೆಲಕ್ಕೆ ಕಾರ್ಪೆಟ್ ಹಾಸದೆ, ಕಾಂಕ್ರೀಟಿನ ಮೇಲೆ ಕೆಂಪು ಹೆಂಚಿನ ಬಿಲ್ಲೆ ಕೂರಿಸಿದೆವು. ಫೆಬ್ರವರಿಯ ಸಂಜೆ ಆರಕ್ಕೆ, ಕಿಟಕಿಯ ಗಾಜು ಕೈಗೆ ತಣ್ಣಗೆ ತಾಗುವಾಗಲೂ, ಬರಿಗಾಲಿಗೆ ಆ ನೆಲ ಇನ್ನೂ ಬೆಚ್ಚಗಿರುತ್ತದೆ.

ಹಿತವಾದ ಹವೆಯ ದೊಡ್ಡ ಉಳಿತಾಯವಿರುವುದು ಅಡಿಪಾಯದಲ್ಲಿ. ಮಿನೆಸೋಟಾದಲ್ಲಿ ನೆಲ ಹೆಪ್ಪುಗಟ್ಟುವ ಆಳವನ್ನು ದಾಟಲು ಮೂರೂವರೆಯಿಂದ ಐದು ಅಡಿ ಅಗೆಯಬೇಕು. ಇಲ್ಲಿ ಆ ಕಾಟವಿಲ್ಲ. ಹಾಗೆಂದು ಹಳೆಯ ಹಿತ್ತಿಲ ಕಾಂಕ್ರೀಟಿನ ಮೇಲೇ ಗೋಡೆ ನಿಲ್ಲಿಸುವುದು ಒಳ್ಳೆಯದಲ್ಲ. ಈ ಕಣಿವೆಯ ಜೇಡಿಮಣ್ಣು ಅನೇಕ ಕಡೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ತೆಳುವಾದ ಕಾಂಕ್ರೀಟು ಬಿರಿಯುತ್ತದೆ, ಗಾಜಿನ ಚೌಕಟ್ಟು ಓರೆಯಾದರೆ ಕಿಟಕಿ ಜಾರುವುದೇ ಇಲ್ಲ. ನಾವು ಅಂಚಿನುದ್ದಕ್ಕೂ ಹೊಸ ಅಡಿಪಾಯ ಹಾಕಿಸಿದೆವು.

ಅನುಮತಿಯ ವಿಷಯದಲ್ಲಿ ಎರಡು ಮಾತು. ಇಂಥ ಕೋಣೆಯನ್ನು ಕಟ್ಟಡ ನಿಯಮಾವಳಿಯ ಪ್ರಕಾರ ಹಿತ್ತಿಲ ಚಪ್ಪರದ (ಪ್ಯಾಟಿಯೋ ಕವರ್) ವರ್ಗದಲ್ಲಿ ಕಟ್ಟುವುದಾದರೆ ಎತ್ತರ ಹನ್ನೆರಡು ಅಡಿ ಮೀರಬಾರದು, ಉದ್ದನೆಯ ಗೋಡೆ ಮತ್ತು ಇನ್ನೊಂದು ಗೋಡೆಯ ಕೆಳಭಾಗದಲ್ಲಿ ಕನಿಷ್ಠ ಶೇಕಡಾ 65 ತೆರಪು ಅಥವಾ ಗಾಜು ಇರಬೇಕು, ಮತ್ತು ಅದನ್ನು ವಾಸದ ಕೋಣೆಯಾಗಿ ಬಳಸುವಂತಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದಾಗ ಅಲ್ಲಿ ಮಂಚ ಹಾಕಬಹುದಲ್ಲ ಎಂದುಕೊಂಡೇ ಹಲವರು ಕಟ್ಟಿಸಲು ಹೊರಡುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಎರಡನೆಯದು, ಮಲಗುವ ಕೋಣೆಯ ಕಿಟಕಿ. ಬೆಂಕಿ ಬಿದ್ದಾಗ ಪಾರಾಗಲು ಅದು ನೇರ ಬಯಲಿಗೆ ತೆರೆಯಬೇಕು, ಮುಚ್ಚಿದ ಇನ್ನೊಂದು ಕೋಣೆಗಲ್ಲ. ನಮ್ಮ ಮೊದಲ ನಕ್ಷೆ ಒಂದು ಮಲಗುವ ಕೋಣೆಯ ಒಂದೇ ಕಿಟಕಿಯನ್ನು ನುಂಗಿಬಿಟ್ಟಿತ್ತು. ನಕ್ಷೆ ಬರೆದವರ ಕಣ್ಣಿಗೆ ಅದು ಬೀಳಲಿಲ್ಲ, ನಮಗೂ ಹೊಳೆಯಲಿಲ್ಲ, ಪರಿಶೀಲನೆಯಲ್ಲಿ ವಾಪಸಾಯಿತು. ಕೋಣೆಯನ್ನು ನಾಲ್ಕು ಅಡಿ ಮೊಟಕು ಮಾಡಿದೆವು, ಎರಡು ತಿಂಗಳು ತಡವಾಯಿತು. ಆದರೂ ಅನುಮತಿಯಿಲ್ಲದೆ ಕಟ್ಟಿಸಿ ಎಂದು ಯಾರಿಗೂ ಹೇಳಲಾರೆ. ಮನೆ ಮಾರುವಾಗ ಅದನ್ನು ಬರೆದು ತಿಳಿಸಲೇಬೇಕು. ತೆರಿಗೆಯ ಭಯವೂ ಅಷ್ಟು ಬೇಡ: 1978ರ ಪ್ರೊಪೊಸಿಷನ್ 13 ಎಂಬ ರಾಜ್ಯದ ಆಸ್ತಿತೆರಿಗೆ ನಿಯಮದಿಂದಾಗಿ ಹೊಸದಾಗಿ ಕಟ್ಟಿದ ಭಾಗಕ್ಕಷ್ಟೇ ಹೊಸ ಮೌಲ್ಯ ಹಾಕುತ್ತಾರೆ, ಹಳೆಯ ಮನೆಯ ಮೌಲ್ಯವನ್ನು ಇದಕ್ಕಾಗಿ ಹೊಸದಾಗಿ ಕಟ್ಟುವುದಿಲ್ಲ.

ಕಟ್ಟಿಸಿದ ಮೇಲೆ ಆ ಕೋಣೆಯನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ನಮ್ಮ ಅಮ್ಮ. ಮೊದಲ ಸಲ ಬಂದ ವರ್ಷದ ಮೇ ತಿಂಗಳಲ್ಲಿ ಅಕ್ಕಿ ಸಂಡಿಗೆ ಇಟ್ಟರು. ಹೊರಗಾದರೆ ಅಳಿಲುಗಳ ಕಾಟ. ಗಾಜಿನ ಕೋಣೆಯನ್ನು ಮುಚ್ಚಿ ಇಟ್ಟ ಮೊದಲ ತಟ್ಟೆ ಬಿಸಿಯಾಯಿತೇ ಹೊರತು ಒಣಗಲಿಲ್ಲ. ಗಾಜಿನ ಮೇಲೆಲ್ಲ ನೀರು ಕಟ್ಟಿತು, ಸಂಜೆಗೆ ಸಂಡಿಗೆ ಹುಳಿವಾಸನೆ ಬಂದಿತು. ಮರುದಿನ ಅವರೇ ಕೆಳಗಿನ ಕಿಟಕಿಯನ್ನೂ ಮೇಲಿನದನ್ನೂ ತೆರೆಸಿದರು. ಎರಡು ದಿನಕ್ಕೆ ಗಲಗಲ ಎನ್ನುವಂತೆ ಒಣಗಿದವು. ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟನ್ನು ಅಲ್ಲಿಟ್ಟಾಗ ಮಾತ್ರ ಬೆಳಗಾದರೂ ಉಬ್ಬಲಿಲ್ಲ, ಏಕೆಂದರೆ ಒಂದೇ ಪದರದ ಗಾಜಿನ ಕೋಣೆ ಹಗಲಿಡೀ ಕೂಡಿಟ್ಟ ಶಾಖವನ್ನು ಮಧ್ಯರಾತ್ರಿಯೊಳಗೆ ಕಳೆದುಕೊಳ್ಳುತ್ತದೆ. ಬೆಳಗಿನ ಜಾವ ಅಲ್ಲಿ ಏಳೆಂಟು ಡಿಗ್ರಿ. ಕರಿಬೇವಿನ ಕುಂಡಕ್ಕೆ ಅಷ್ಟು ಆಸರೆಯೇ ಸಾಕಾಯಿತು. ಹೊರಗಿದ್ದಾಗ ಪ್ರತಿ ಚಳಿಗಾಲ ಬೋಳಾಗುತ್ತಿದ್ದ ಗಿಡ ಒಳಗೆ ಅರ್ಧದಷ್ಟಾದರೂ ಎಲೆ ಉಳಿಸಿಕೊಳ್ಳುತ್ತದೆ. ಇನ್ನೊಂದು ಮಾತು: ವಿಟಮಿನ್ ಡಿ ಸಿಗಲಿ ಎಂದು ಹಿರಿಯರನ್ನು ಗಾಜಿನ ಹಿಂದೆ ಕೂರಿಸುವವರಿದ್ದಾರೆ. ಅದಕ್ಕೆ ಬೇಕಾದ ಅತಿನೇರಳೆ ಕಿರಣಗಳನ್ನು ಸಾಮಾನ್ಯ ಗಾಜು ಬಹುಪಾಲು ತಡೆದುಬಿಡುತ್ತದೆ. ಮೈ ಬೆಚ್ಚಗಾಗುತ್ತದೆ, ವಿಟಮಿನ್ ಬರುವುದಿಲ್ಲ. ಕಿಟಕಿ ತೆರೆದು ಬಿಸಿಲು ನೇರವಾಗಿ ಮೈಗೆ ತಾಗುವಂತೆ ಕೂರಿಸಬೇಕು. ಕಾಳ್ಗಿಚ್ಚಿನ ಹೊಗೆಗೂ ಈ ಕೋಣೆ ಆಸರೆಯಲ್ಲ. 2020ರ ಸೆಪ್ಟೆಂಬರ್ 9ರಂದು ಆಕಾಶ ಹಗಲಿನಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿದ್ದ ಆ ದಿನಗಳಲ್ಲಿ ಕಿಟಕಿಯ ಸಂದುಗಳಿಂದ ಬೂದಿಯ ವಾಸನೆ ಒಳಗೆ ನುಸುಳುತ್ತಲೇ ಇತ್ತು.

ಬೆಂಗಳೂರಿನ ಬಂಧುಗಳು ಇದನ್ನು ನೋಡಿ ತಮ್ಮ ಮನೆಯ ಮೇಲೂ ಒಂದನ್ನು ಕಟ್ಟಿಸಲೇ ಎಂದು ಕೇಳುತ್ತಾರೆ. ಅವರಿಗೆ ನನ್ನ ಉತ್ತರ, ಬೇಡ. ಅಲ್ಲಿನ ಹವೆಯೂ ಹಿತವೇ, ಆದರೆ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಗೇ ಬರುತ್ತಾನೆ, ಆ ಎರಡರ ನಡುವೆ ನಡುಹಗಲಿಗೆ ಉತ್ತರದ ಕಡೆ ಇರುತ್ತಾನೆ. ಗಾಜಿನಿಂದ ಹಿಡಿದಿಟ್ಟುಕೊಳ್ಳಬೇಕಾದಂಥ ಚಳಿಯೂ ಅಲ್ಲಿಲ್ಲ. ಅಗಲವಾದ ಸೂರಿನ ತೆರೆದ ಜಗಲಿಯೇ ಆ ಊರಿಗೆ ಸರಿ.

ಸನ್ನಿವೇಲ್‌ನಲ್ಲಿ ಕಟ್ಟಿಸುವವರಿಗೆ ಹೇಳುವುದಾದರೆ, ಗುತ್ತಿಗೆದಾರರನ್ನು ಕರೆಯುವ ಮುನ್ನ ಒಂದು ವರ್ಷ ಹಿತ್ತಿಲಿನಲ್ಲಿ ಕುರ್ಚಿ ಹಾಕಿ ನೋಡಿ. ಯಾವ ಗಂಟೆಯಲ್ಲಿ ಎದ್ದು ಒಳಗೆ ಬಂದಿರಿ, ಗಾಳಿಗೋ ಚಳಿಗೋ ಬಿಸಿಲಿಗೋ ಮಳೆಗೋ ಎಂದು ಬರೆದಿಡಿ. ಬಿಸಿಲಿಗಾಗಿಯೇ ಎದ್ದ ದಿನಗಳು ಹೆಚ್ಚಿದ್ದರೆ ನಿಮಗೆ ಬೇಕಾದದ್ದು ಚಪ್ಪರ. ಉಳಿದ ಮೂರಕ್ಕೆ ಎದ್ದಿದ್ದರೆ, ದಕ್ಷಿಣಕ್ಕೆ ಗಾಜಿಟ್ಟು ಪಶ್ಚಿಮಕ್ಕೆ ಗೋಡೆ ಕಟ್ಟಿಸಿ.